ಅಜ್ಜಿ ಹೊತ್ತು ನೋಡಿದ ಬ್ಯಾಗು

ನಯದ ಚರ್ಮವೋ ತರಿಯ ಚರ್ಮವೋ ಎಂಬ ಜಗಳ ನಮ್ಮ ಮನೆಯಲ್ಲಿ ಹೊತ್ತಿಕೊಂಡದ್ದು ಒಂದು ಬೇಯಿಸಿದ ಮೊಟ್ಟೆಯಿಂದ. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ನನ್ನ ಮಗ ಮೊಟ್ಟೆ ಸುಲಿದವನು ಅದನ್ನು ಬಾಯಿಗೆ ಹಾಕಿಕೊಳ್ಳುವುದು ಬಿಟ್ಟು, ಹೆಬ್ಬೆರಳ ಉಗುರಿನಿಂದ ಅದರ ಮೇಲೊಂದು ಗೀರು ಎಳೆದು ಹೆಂಡತಿಯ ಮೂಗಿನ ಮುಂದೆ ಹಿಡಿದ.

“ನೋಡು. ಇದೇ ನಿನ್ನ ನಯ. ಒಂದು ಉಗುರು ತಾಗಿದ್ರೆ ಮುಗೀತು, ಜನ್ಮಕ್ಕೂ ಹೋಗಲ್ಲ.”

“ಆ ಉಗುರು ತೊಳ್ದು ಎಷ್ಟು ವರ್ಷ ಆಯ್ತು?” ಎಂದಳು ಸೊಸೆ.

ಕೇಳಬೇಕಾದ ಪ್ರಶ್ನೆಯೇ. ಆ ಉಗುರಿನ ಸಂದಿಯಲ್ಲಿ ಇಪ್ಪತ್ತು ವರ್ಷದ ಅಂಟು, ಮೇಣ, ಬಣ್ಣ ಎಲ್ಲಾ ಸೇರಿ ಒಂದು ಗದ್ದೆಯೇ ಆಗಿತ್ತು. ಬೀಜ ಹಾಕಿದ್ದರೆ ಮೊಳೆಯುತ್ತಿತ್ತು.

“ಮೊಟ್ಟೆ ತಿನ್ನೋದಾದ್ರೆ ತಿನ್ನು, ಇಲ್ದಿದ್ರೆ ಕೆಳಗಿಡು. ಪಾಠ ಮಾಡ್ಬೇಡ,” ಎಂದೆ.

ಮಗ ಅದನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ. ತುಂಬಿದ ಬಾಯಲ್ಲೇ ತರಿಯ ಗುಣಗಾನ ಮುಂದುವರಿಸಿದ. ಹಳದಿ ಪುಡಿ ನನ್ನ ತಟ್ಟೆವರೆಗೂ ಹಾರಿತು.

ನಮ್ಮದು ಹೆಂಗಸರ ಕೈಬ್ಯಾಗು ಹೊಲಿಯುವ ಮನೆ. ಮುಂದಿನ ಕೋಣೆಯಲ್ಲಿ ಮಗ ಚರ್ಮ ಕತ್ತರಿಸುತ್ತಾನೆ, ಕಿಟಕಿಯ ಹತ್ತಿರ ಸೊಸೆ ಮಶೀನು ತುಳಿಯುತ್ತಾಳೆ, ಪರದೆಯ ಈಚೆ ಅಡುಗೆಮನೆಯಲ್ಲಿ ನಾನು. ಕಸುಬು ಶುರು ಮಾಡಿದವರು ನನ್ನ ಯಜಮಾನರು. ಅವರು ಹೋಗಿ ಹನ್ನೊಂದು ವರ್ಷವಾಯಿತು. ಅವರ ಕತ್ತರಿ ಇನ್ನೂ ಮೊಳೆಗೆ ನೇತಾಡುತ್ತಿದೆ. ಮೊಮ್ಮಗಳು ದೊಡ್ಡ ಬೀದಿಯ ಬ್ಯಾಗಿನ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಾಳೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರಬೇಕು. ಮನೆಗೆ ಬಂದಾಗ ಅವಳ ಪಾದ ಉಬ್ಬಿದ ಬನ್ನಿನ ಹಾಗೆ ಇರುತ್ತದೆ.

ಆ ಅಂಗಡಿಯ ಒಡತಿಗೆ ನಾನು ಇಟ್ಟ ಹೆಸರು ಕನ್ನಡಕದಮ್ಮ. ಒಂದು ಕನ್ನಡಕ ಕಣ್ಣಿಗೆ, ಒಂದು ತಲೆಗೆ, ಒಂದು ಕುತ್ತಿಗೆಗೆ. ಅವಳು ಇನ್ನೊಂದು ಅಂಗಡಿ ತೆರೆಯುವವಳಿದ್ದಳು. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು, ಅವರಿಗೆ ಕೂರಲು ಒಂದು ಕುರ್ಚಿ ಇರುತ್ತದೆ. “ನಿಮ್ಮ ಮನೆಯವರು ನಂಗೆ ಅರವತ್ತು ಬ್ಯಾಗು ಮಾಡಿಕೊಡ್ಲಿ, ಎಂಟು ವಾರದಲ್ಲಿ. ನಯವೋ ತರಿಯೋ ಅವ್ರೇ ಆರಿಸ್ಲಿ. ಜವಾಬ್ದಾರಿ ನಿಂದು. ಸರಿಹೋದ್ರೆ ಆ ಕುರ್ಚಿ ನಿಂದೇ,” ಎಂದಿದ್ದಳಂತೆ ಮೊಮ್ಮಗಳಿಗೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಕುರ್ಚಿಯದೇ ಮಾತು. ಕೂರದ ಕುರ್ಚಿಗೆ ದಿಂಬು ಕೂಡ ಹೊಲಿದಾಗಿತ್ತು.

ನಯ ಎಂದರೆ ಚರ್ಮ ಇದ್ದ ಹಾಗೇ ಇರುವುದು. ಆ ದನಕ್ಕೆ ಎಲ್ಲಿ ತಂತಿ ಗೀರಿತ್ತು, ಎಲ್ಲಿ ಹುಳ ಕಚ್ಚಿತ್ತು, ಎಲ್ಲವೂ ಕಾಣುತ್ತದೆ. ಗೀರಿಲ್ಲದ ಜಾಗ ಹುಡುಕಿ ಕತ್ತರಿಸಬೇಕು, ಅರ್ಧ ಚರ್ಮ ಬುಟ್ಟಿಗೇ ಹೋಗುತ್ತದೆ. ತರಿ ಎಂದರೆ ಮೈಯೆಲ್ಲಾ ಸಣ್ಣ ಸಣ್ಣ ಕಾಳು ಎದ್ದ ಹಾಗಿರುವುದು. ಅದರಲ್ಲಿ ಎರಡು ಜಾತಿ. ಒಳ್ಳೆಯ ಚರ್ಮವನ್ನು ಪೀಪಾಯಿಯಲ್ಲಿ ಹಾಕಿ ಗಂಟೆಗಟ್ಟಲೆ ಹೊರಳಿಸಿದರೆ ಅದು ತಾನಾಗಿ ಸುಕ್ಕುಗಟ್ಟಿ ತರಿಯಾಗುತ್ತದೆ. ಅದು ಮರ್ಯಾದಸ್ಥರ ತರಿ. ಇನ್ನೊಂದು, ಯಾರೂ ಮುಟ್ಟದ ಹಾಳು ಚರ್ಮದ ಮೇಲ್ಮೈ ಉಜ್ಜಿ ತೆಗೆದು, ಪ್ಲಾಸ್ಟಿಕ್ಕಿನಂಥ ಬಣ್ಣ ಬಳಿದು, ಬಿಸಿ ತಗಡಿನಿಂದ ತರಿಯ ಅಚ್ಚು ಒತ್ತಿದ್ದು. ನೋಡುವುದಕ್ಕೆ ಎರಡೂ ಅಕ್ಕತಂಗಿ. ಎರಡನೆಯದನ್ನು ನನ್ನ ಯಜಮಾನರು ಹೊಸ್ತಿಲು ದಾಟಿಸಿದವರಲ್ಲ.

“ನನ್ನ ಹೊಲಿಗೆ ನಯದ ಮೇಲೇ ಕಾಣೋದು,” ಎಂದಳು ಸೊಸೆ. “ತರಿ ಮೇಲೆ ಹೊಲಿದ್ರೆ ನಾನು ಹೊಲಿದ್ರೂ ಒಂದೇ, ಕುಡುಕ ಹೊಲಿದ್ರೂ ಒಂದೇ.”

“ನಿನ್ನ ಹೊಲಿಗೆ ನೋಡೋಕೆ ಯಾರೇ ಬ್ಯಾಗು ತಗೋತಾರೆ? ಬಸ್ಸಲ್ಲಿ ಗೀರಬಾರ್ದು, ಅಷ್ಟೇ ಅವ್ರಿಗೆ ಬೇಕಾದ್ದು.”

“ಅಮ್ಮ, ನೀನು ಹೇಳು,” ಎಂದು ಮಗ ನನ್ನ ಕಡೆ ತಿರುಗಿದ.

“ನಂಗೆ ತರಿ ನೋಡಿದ್ರೆ ಮೊಡವೆ ಎದ್ದ ಕೆನ್ನೆ ನೆನಪಾಗುತ್ತೆ. ನಯ ನೋಡಿದ್ರೆ ನಿನ್ನ ಬೋಳು ತಲೆ,” ಎಂದೆ. “ಎರಡೂ ಬೇಡ. ಗೋಣಿಚೀಲ ಹೊಲಿರಿ.”

ಮೊಮ್ಮಗಳು ನಕ್ಕು, “ಅಜ್ಜಿ ಪರೀಕ್ಷೆ ಇದ್ಯಲ್ಲ, ಅದೇ ಹೇಳ್ಲಿ ಬಿಡಿ,” ಎಂದಳು.

ಅಜ್ಜಿ ಪರೀಕ್ಷೆ ಎಂದರೆ ಯಜಮಾನರು ಹಾಕಿಕೊಟ್ಟ ಪದ್ಧತಿ. ಹೊಸ ಚರ್ಮ ಬಂದರೆ ಮೊದಲು ಒಂದೇ ಒಂದು ಬ್ಯಾಗು ಹೊಲಿಯಬೇಕು. ಅದನ್ನು ಮೂರು ವಾರ ನಾನು ಹೊರಬೇಕು. ನಾನು ಸೈ ಎಂದರೆ ಮಾತ್ರ ಉಳಿದದ್ದಕ್ಕೆ ಕತ್ತರಿ. ನಲವತ್ತು ವರ್ಷದಿಂದ ನಾನು ಹೊತ್ತು ಕೊಂದ ಬ್ಯಾಗುಗಳನ್ನು ಸಾಲಾಗಿ ಇಟ್ಟರೆ ಸಮುದ್ರ ದಾಟಬಹುದು.

ಮಗ ತರಿಯ ಚರ್ಮ ತರಿಸಿಯೇ ಬಿಟ್ಟ. ತಂದವನು ಎಣ್ಣೆಮೀಸೆ ಎಂಬ ಚರ್ಮದ ದಲ್ಲಾಳಿ. ಅವನು ಮೆಟ್ಟಿಲು ಹತ್ತುವ ಮೊದಲೇ ಅವನ ವಾಸನೆ ಹತ್ತಿ ಬಾಗಿಲು ತಟ್ಟುತ್ತದೆ. ನಾನು ಕೊಟ್ಟ ಚಹಾದ ಲೋಟಕ್ಕೆ ಮೀಸೆಯ ಎಣ್ಣೆ ಅಂಟಿಸಿ ಹೋದ. ಅದನ್ನು ಮೂರು ಸಲ ಉಜ್ಜಿ, ನಾಲ್ಕನೇ ಸಲ ಎಸೆದೆ.

ಎರಡೇ ದಿನಕ್ಕೆ ನನ್ನ ಬ್ಯಾಗು ಸಿದ್ಧವಾಯಿತು. ಕಂದು ಬಣ್ಣ, ಅಗಲ ಬಾಯಿ, ಎರಡು ಹಿಡಿ. ನಾನು ಅದಕ್ಕೆ ಕರುಣೆ ತೋರಿಸಲಿಲ್ಲ. ಮಾರುಕಟ್ಟೆಯಿಂದ ಒದ್ದೆ ಈರುಳ್ಳಿ ತಂದೆ. ತೊಟ್ಟಿಕ್ಕುವ ಕೊಡೆ ಮಡಚಿ ಒಳಗಿಟ್ಟೆ. ಬಸ್ ನಿಲ್ದಾಣದ ಕಲ್ಲಿನ ಮೇಲೆ ಹಾಕಿ ಅದರ ಮೇಲೆ ನಾನೇ ಕೂತೆ. ನನ್ನ ಭಾರಕ್ಕೆ ಕಲ್ಲೇ ಒಂದು ಬೆರಳು ಕೆಳಗಿಳಿಯಿತು, ಬ್ಯಾಗಿಗೆ ಏನೂ ಆಗಲಿಲ್ಲ. ಬಾಗಿಲಿಗೆ ಸಿಕ್ಕಿಸಿ ಎಳೆದೆ. ಮೀನು ಹಾಕಿದೆ. ಒರೆಸಿದೆ, ವಾಸನೆ ಹೋಯಿತು. ಇಷ್ಟೆಲ್ಲಾ ಆದ ಮೇಲೂ ಅದು ಬೆಕ್ಕಿನ ಮರಿಯ ಹಾಗೆ ಕಂಕುಳಲ್ಲಿ ಬೆಚ್ಚಗೆ ಕೂತಿತ್ತು.

“ಸೈ,” ಎಂದೆ ಮೂರನೇ ಭಾನುವಾರ. “ಮೊಡವೆ ಇದ್ರೂ ಹುಡುಗಿ ಒಳ್ಳೇವಳು. ಕತ್ತರಿಸು.”

ಮಗ ಎದ್ದು ಹೋದ. ಸೊಸೆ ರೊಟ್ಟಿ ಹಿಟ್ಟನ್ನು ಕುಟ್ಟುವಷ್ಟು ಜೋರಾಗಿ ನಾದಿದಳು. ಸೋತ ಸಿಟ್ಟು ಅಂದುಕೊಂಡೆ. ಅವಳನ್ನು ಒಂದಿಷ್ಟು ಕೆಣಕಿದೆ ಕೂಡ: “ಏನಮ್ಮ, ನಯದ ಪಾರ್ಟಿ ಬಾಗಿಲು ಹಾಕ್ತಾ?” ಅವಳು ಹಿಟ್ಟಿಗೆ ಇನ್ನೊಂದು ಗುದ್ದು ಕೊಟ್ಟಳು. ಇಪ್ಪತ್ಮೂರು ವರ್ಷದಲ್ಲಿ ನನ್ನ ಮಾತಿಗೆ ಅವಳು ಉತ್ತರ ಕೊಡದೇ ಬಿಟ್ಟದ್ದು ಅದೇ ಮೊದಲು.

ಅಲ್ಲಿಂದ ಮನೆ ನಾರತೊಡಗಿತು.

ಚರ್ಮದ ವಾಸನೆ ನನಗೆ ಹೊಸದಲ್ಲ. ನಾನು ಮದುವೆಯಾದದ್ದೇ ಆ ವಾಸನೆಯನ್ನು. ಇದು ಬೇರೆ. ಸತ್ತ ಇಲಿಗೆ ಅತ್ತರು ಬಳಿದು ಹಾಸಿಗೆ ಕೆಳಗೆ ಇಟ್ಟ ಹಾಗೆ. ಗಂಜಿಗೆ ಆ ವಾಸನೆ, ಹೊದಿಕೆಗೆ ಆ ವಾಸನೆ. ಸೊಸೆಯ ಹತ್ತು ಬೆರಳೂ ಕಂದು ಬಣ್ಣಕ್ಕೆ ತಿರುಗಿದವು. ಒಂದು ದಿನ ಅವಳು ನಾದಿದ ಹಿಟ್ಟಿನಲ್ಲಿ ಬೆರಳಿನ ಗುರುತುಗಳೆಲ್ಲಾ ಕಂದಾಗಿ ಕೂತಿದ್ದವು. ಅದೇ ಹಿಟ್ಟನ್ನು ರೊಟ್ಟಿ ಮಾಡಿ ಬಡಿಸಿದಳು. ನಾನು ತಟ್ಟೆ ದೂಡಿದೆ.

“ಇದೇನೇ ಇದು? ಕಸಾಯಿಖಾನೆ ಗೋಡೆ ಒರೆಸಿದ ಬಟ್ಟೆ ಇದ್ದಹಾಗಿದೆ!”

“ಬಣ್ಣ ಅತ್ತೆ. ಸೋಪಿಗೆ ಹೋಗ್ತಿಲ್ಲ.”

“ನನ್ನ ಬ್ಯಾಗು ಬಣ್ಣ ಬಿಟ್ಟಿಲ್ವಲ್ಲ?”

“ಹೊಸತರಲ್ಲಿ ಹಾಗೇ,” ಎಂದ ಮಗ ತಟ್ಟೆಯಿಂದ ತಲೆ ಎತ್ತದೆ. “ನಿಂದು ಗಾಳಿಗೆ ಆರಿತ್ತು.”

“ಈ ವಾಸನೆ?”

“ಅದೂ ಹೊಸತರಲ್ಲಿ.”

“ಚರ್ಮ ಬಂದು ಮೂವತ್ತು ದಿನ ಆದ್ಮೇಲೂ ಹೊಸತು? ನೀನು ಹುಟ್ಟಿದಾಗ್ಲೂ ಇಷ್ಟು ದಿನ ಹೊಸಬ ಆಗಿರ್ಲಿಲ್ಲ ಕಣೋ.”

ನನ್ನ ಕಣ್ಣಿಗೆ ಪೊರೆ ಬಂದಿದೆ. ಮುಂದಿನ ಕೋಣೆಗೆ ಹೋಗಿ ಮುಟ್ಟೋಣವೆಂದರೆ, “ಎಣ್ಣೆ ಕೈ, ಕಲೆ ಆಗುತ್ತೆ,” ಎಂದು ಮಗ ಅಡ್ಡ ನಿಲ್ಲುತ್ತಿದ್ದ. ಇನ್ನೊಂದು ವಿಚಿತ್ರ: ಹುಟ್ಟಿದಾಗಿನಿಂದ ಒಂದು ದಿನವೂ ಮನೆಯ ಕಸ ಎತ್ತದವನು ಈಗ ಚರ್ಮದ ಚೂರುಗಳನ್ನು ಚೀಲಕ್ಕೆ ತುಂಬಿ ತಾನೇ ಕೆಳಗೆ ಹೊತ್ತುಕೊಂಡು ಹೋಗುತ್ತಿದ್ದ. ಮಗನಿಗೆ ಬುದ್ಧಿ ಬಂತು ಎಂದು ಪಕ್ಕದ ಮನೆಯವಳಿಗೆ ಹೇಳಿಕೊಂಡು ಬೀಗಿದೆ. ನನ್ನ ಮೂಗು ಬೇಡ ಬೇಡ ಎನ್ನುತ್ತಿತ್ತು. ಆದರೆ ಮೂರು ವಾರ ಹೊತ್ತು ನೋಡಿದ್ದೇನಲ್ಲ ಎಂದು ಮೂಗಿಗಿಂತ ಕಂಕುಳನ್ನೇ ನಂಬಿದೆ.

ಆರನೇ ವಾರ ಮೊದಲ ನಲವತ್ತು ಬ್ಯಾಗು ಅಂಗಡಿಗೆ ಹೋದವು. ಮೊಮ್ಮಗಳು ಅವತ್ತು ಸಂಜೆ ಕುಣಿಯುತ್ತಾ ಬಂದು ನನ್ನ ಕೈಗೆ ಒಂದು ಪುಟ್ಟ ಕಾರ್ಡು ಕೊಟ್ಟಳು. ದಾರ ಪೋಣಿಸಿತ್ತು.

“ಏನೇ ಇದು?”

“ಪ್ರತಿ ಬ್ಯಾಗಿಗೂ ಇದನ್ನ ನೇತು ಹಾಕಿದೀನಿ. ಓದ್ತೀನಿ ಕೇಳು. ‘ನಮ್ಮಜ್ಜಿ ಮೂರು ವಾರ ಹೊತ್ತು ನೋಡಿ ಸೈ ಅಂದಿದ್ದು.’ ಜನಕ್ಕೆ ಎಷ್ಟು ಇಷ್ಟ ಆಗ್ತಿದೆ ಗೊತ್ತಾ? ಅಜ್ಜಿ ಯಾರು, ಎಲ್ಲಿದಾರೆ ಅಂತ ಕೇಳ್ತಾರೆ.”

“ನನ್ನ ಫೋಟೋ ಹಾಕ್ಬೇಕಿತ್ತು. ಒಂದು ಬ್ಯಾಗೂ ಉಳೀತಿರ್ಲಿಲ್ಲ.”

“ಒಬ್ರೂ ಒಳಗೆ ಬರ್ತಿರ್ಲಿಲ್ಲ,” ಎಂದಳು ಪೋರಿ.

ನಾವಿಬ್ಬರೂ ನಕ್ಕೆವು. ಅವಳ ಅಪ್ಪ ಅಮ್ಮ ನಗಲಿಲ್ಲ. ಸೊಸೆ ಮಶೀನಿನ ಕೆಳಗೆ ಏನನ್ನೋ ಹುಡುಕುವವಳ ಹಾಗೆ ಬಗ್ಗಿದಳು, ಬಹಳ ಹೊತ್ತು ಮೇಲೆ ಬರಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ನಾನು ಮುಂದಿನ ಕೋಣೆ ಗುಡಿಸಿದೆ. ಮಗ ದಾರ ತರಲು ಹೋಗಿದ್ದ, ಸೊಸೆ ಸ್ನಾನಕ್ಕೆ. ಮಶೀನಿನ ಹಿಂದೆ ಅಂಗೈಯಗಲದ ಒಂದು ತುಂಡು ಸಿಕ್ಕಿತು. ಚರ್ಮದ ಚೂರನ್ನು ಬಿಸಿ ಪಾತ್ರೆಯ ಕೆಳಗೆ ಹಾಸುವುದು ನಮ್ಮ ಮನೆಯಲ್ಲಿ ಯಾವತ್ತಿನ ರೂಢಿ. ಒಂದೊಂದು ತುಂಡು ವರ್ಷಗಟ್ಟಲೆ ಬರುತ್ತದೆ. ಬಹಳ ದಿನದಿಂದ ಹೊಸದು ಸಿಕ್ಕಿರಲಿಲ್ಲ. ಖುಷಿಯಿಂದ ಅದನ್ನು ಮೇಜಿನ ಮೇಲೆ ಹಾಸಿ, ಆಲೂಗಡ್ಡೆ ಹುರಿದ ಬಾಣಲೆಯನ್ನು ಇಳಿಸಿದೆ.

ಚುಯ್ ಎಂದಿತು. ಆಮೇಲೆ ಎದ್ದ ವಾಸನೆಯನ್ನು ಹೇಗೆ ಹೇಳಲಿ? ಕೂದಲು, ಪ್ಲಾಸ್ಟಿಕ್ಕು, ಹಳೇ ಗಾಯ ಮೂರನ್ನೂ ಒಟ್ಟಿಗೆ ಹುರಿದ ಹಾಗೆ. ಬಾಣಲೆ ಎತ್ತಿದರೆ ತುಂಡಿನ ಮುಖವೇ ಕಿತ್ತು ಬಾಣಲೆಯ ತಳಕ್ಕೆ ಅಂಟಿಕೊಂಡಿತ್ತು, ತರಿ ಸಮೇತ, ಹಾಲಿನ ಕೆನೆ ಎದ್ದ ಹಾಗೆ. ಕೆಳಗೆ ಉಳಿದದ್ದು ಚರ್ಮವಲ್ಲ. ಬಿಳಿಚಿಕೊಂಡ, ತೂತು ತೂತಿನ, ಒದ್ದೆ ರಟ್ಟಿನಂಥದ್ದು. ಹುಳ ತಿಂದ ಗುಳಿಗಳು ಬೆರಳಿಗೆ ಸಿಕ್ಕವು.

ನನ್ನ ಬ್ಯಾಗು ಮೊಳೆಯಿಂದ ಇಳಿಸಿ ಹಿಡಿಯ ತುದಿಗೆ ಅದೇ ಬಿಸಿ ತಾಗಿಸಿದೆ. ಏನೂ ಆಗಲಿಲ್ಲ. ಮೇಲಿಂದ ಕೆಳಗೆ ಬೆರಳಾಡಿಸಿದೆ. ಒಂದು ಕಡೆ ತರಿ ಒತ್ತಾಗಿ, ಇನ್ನೊಂದು ಕಡೆ ಸಡಿಲವಾಗಿ, ಹೊಟ್ಟೆಯ ಹತ್ತಿರ ದೊಡ್ಡದಾಗಿ, ಜೀವ ಇದ್ದ ಮೈಯ ಹಾಗೆ. ಪೀಪಾಯಿಯಲ್ಲಿ ಹೊರಳಿದ ಮರ್ಯಾದಸ್ಥ ತರಿ. ಎರಡೂ ಒಂದೇ ಚರ್ಮವಲ್ಲ. ನನಗೆ ಕೊಟ್ಟದ್ದು ಒಂದು, ಊರಿಗೆ ಕೊಟ್ಟದ್ದು ಇನ್ನೊಂದು.

ಮಗ ಬರುವವರೆಗೆ ಬಾಣಲೆಯನ್ನು ಮೇಜಿನ ನಡುವೆ ಬೋರಲು ಹಾಕಿ ಕೂತೆ. ಸೊಸೆ ತಲೆ ಒರೆಸಿಕೊಳ್ಳುತ್ತಾ ಬಂದು ನೋಡಿ ಅಲ್ಲೇ ನಿಂತಳು. ಮಗ ಬಂದ. ಮೂಗು ಅರಳಿಸಿದ. ಅವನಿಗೂ ತಿಳಿಯಿತು.

“ನನ್ನೊಬ್ಬಳಿಗೆ ಬೇರೆ ಚರ್ಮ ತಂದ್ಯಾ?”

“ಅಮ್ಮ...”

“ಹೌದೋ ಅಲ್ವೋ?”

“ಒಂದು ಒಳ್ಳೇದು ತಂದೆ. ನಿಂಗೂ ಇದನ್ನೇ ಕೊಟ್ಟಿದ್ರೆ ನೀನು ಸೈ ಅಂತಿರ್ಲಿಲ್ಲ.”

“ನಿಮ್ಮಪ್ಪ ನೋಡಿದ್ರೆ ಆ ಕತ್ತರೀಲೇ ನಿನ್ನ ಮೂಗು ಕತ್ತರಿಸ್ತಿದ್ರು! ಥೂ! ಹೆತ್ತ ತಾಯಿ ಕಿವಿ ಮೇಲೆ ಹೂವು ಇಟ್ಯಲ್ಲೋ. ಎಷ್ಟು ದಿನ ಬರುತ್ತೆ ಈ ಕಜ್ಜಿ?”

“ಐದಾರು ತಿಂಗಳು. ಮಡಿಕೆ ಇರೋ ಕಡೆ ಮೊದಲು ಬಿರಿಯುತ್ತೆ.”

“ಆಮೇಲೆ?”

“ಆಮೇಲೆ ಅವಳು ಕುರ್ಚಿ ಮೇಲೆ ಕೂತಿರ್ತಾಳೆ.”

ನಾನು ಸೊಸೆಯ ಕಡೆ ತಿರುಗಿದೆ. “ನೀನು? ನಯ ನಯ ಅಂತ ಬಾಯಿ ಬಡ್ಕೊಂಡವಳು?”

“ನೀವು ಸೈ ಅನ್ನೋ ಮೊದಲೇ ಒಂದು ಚೂರು ಹೊಲಿದು ನೋಡಿದ್ದೆ. ಸೂಜಿಗೆ ಗೊತ್ತಾಯ್ತು ಅತ್ತೆ.”

“ಸೂಜಿಗೆ ಗೊತ್ತಾದದ್ದು ಬಾಯಿಗೆ ಯಾಕೆ ಬರ್ಲಿಲ್ಲ?”

ಸೊಸೆ ಟವೆಲನ್ನು ಹಿಂಡಿದಳು. ಅದರಲ್ಲಿ ನೀರೇ ಇರಲಿಲ್ಲ. “ನಯದ ಚರ್ಮಕ್ಕೆ ಮೂರು ಕಡೆ ಅಲೆದೆ. ಗೀರಿಲ್ಲದ್ದು ಹತ್ತು ಬ್ಯಾಗಿಗೂ ಸಾಲದು. ಒಳ್ಳೇ ತರಿ ಅರವತ್ತಕ್ಕೆ ಬೇಕಂದ್ರೆ ನಾಲ್ಕು ತಿಂಗಳು ಕಾಯಿ ಅಂದ್ರು. ಎಂಟು ವಾರದಲ್ಲಿ ಎಲ್ಲಿಂದ ತರ್ಲಿ? ನನ್ನ ಸೊಂಟ ನೋಡಿದೀರಲ್ಲ, ರಾತ್ರಿ ಮಗ್ಗುಲಾಗೋಕೆ ಆಗಲ್ಲ. ಅವಳಾದ್ರೂ ಕೂತು ದುಡೀಲಿ ಅಂತ...” ಎಂದು ನಿಲ್ಲಿಸಿ, “ಅವಳಿಗೆ ಗೊತ್ತಿಲ್ಲ. ಹೇಳ್ಬೇಡಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ,” ಎಂದಳು.

“ಕಾಲು ಮುಟ್ಬೇಡ. ಬಣ್ಣ ಹತ್ತುತ್ತೆ,” ಎಂದೆ.

ಅವತ್ತು ಯಾರೂ ಊಟ ಮಾಡಲಿಲ್ಲ. ಆಲೂಗಡ್ಡೆ ಮುಸುರೆಗೆ ಹೋಯಿತು.

ಮಾರನೆಯ ಬೆಳಿಗ್ಗೆ ಬಾಣಲೆಯನ್ನು ಪೇಪರಿನಲ್ಲಿ ಸುತ್ತಿ, ನನ್ನ ಬ್ಯಾಗಿನೊಳಗಿಟ್ಟು ಹೊರಟೆ. ಮಗ ಬಾಗಿಲಿಗೆ ಅಡ್ಡ ಬಂದ. “ಎಲ್ಲಿಗಮ್ಮ?” ಎಂದ. “ಬಾಣಲೆಗೆ ಕಲಾಯಿ ಹಾಕಿಸೋಕೆ,” ಎಂದೆ. ಮೊಮ್ಮಗಳ ಮುಂದೆ, ಬೇಕಾದರೆ ಕನ್ನಡಕದಮ್ಮನ ಮೂರೂ ಕನ್ನಡಕಗಳ ಮುಂದೆ ಇದನ್ನು ಬೋರಲು ಹಾಕುತ್ತೇನೆ, ಆಮೇಲೆ ಆಗಿದ್ದಾಗಲಿ ಎಂದು ಬಸ್ಸಿನಲ್ಲಿ ಹತ್ತು ಸಲ ಮನಸ್ಸಿನಲ್ಲೇ ಭಾಷಣ ಮಾಡಿದೆ. ಅಂಥ ಭಾಷಣ ಕೇಳಿದ್ದರೆ ಮಂತ್ರಿಗಳು ರಾಜೀನಾಮೆ ಕೊಡುತ್ತಿದ್ದರು.

ಅಂಗಡಿಯಲ್ಲಿ ಕನ್ನಡಕದಮ್ಮ ಒಳಕೋಣೆಯಲ್ಲಿದ್ದಳು. ಮೊಮ್ಮಗಳು ನನ್ನನ್ನು ಕಂಡದ್ದೇ ಕೌಂಟರಿನ ಹಿಂದಿನಿಂದ ಓಡಿ ಬಂದಳು.

“ಅಜ್ಜಿ! ಸರಿಯಾದ ಹೊತ್ತಿಗೆ ಬಂದೆ. ಕುರ್ಚಿ ಬಂತು, ನೋಡು ಬಾ!”

ಮೂಲೆಯಲ್ಲಿ ಇತ್ತು, ಹೊಸ ಅಂಗಡಿಗೆ ಹೋಗಲು ಕಾಯುತ್ತಾ. ಚಕ್ರದ್ದು. ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಮೊಮ್ಮಗಳು ಒಂದು ಕ್ಷಣ ಕೂತು, ಒಂದು ಸುತ್ತು ತಿರುಗಿ, ಒಳಕೋಣೆಯ ಕಡೆ ನೋಡಿ ತಟ್ಟನೆ ಎದ್ದಳು. ಅವಳ ಉಬ್ಬಿದ ಪಾದ ಚಪ್ಪಲಿಯ ಪಟ್ಟಿಯಿಂದ ಹೊರಗೆ ಬಂದಿತ್ತು.

“ಮಗು, ನಿಂಗೊಂದು ಮಾತು...” ಎಂದೆ.

ಅಷ್ಟರಲ್ಲಿ ಒಬ್ಬ ಗಿರಾಕಿ ಒಳಗೆ ಬಂದಳು. ಆಸ್ಪತ್ರೆಯ ನರ್ಸು, ಬಿಳಿ ಬೂಟು, ಕೈಯಲ್ಲಿ ಹಿಡಿ ಕಿತ್ತುಹೋಗಿ ಪಿನ್ನು ಚುಚ್ಚಿದ ಬ್ಯಾಗು. ಒಂದು ನಯದ ಬ್ಯಾಗು, ನಮ್ಮದೊಂದು ತರಿಯ ಬ್ಯಾಗು ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು.

“ನಂಗೆ ಐದು ವರ್ಷ ಬರ್ಬೇಕು,” ಎಂದಳು. “ಮತ್ತೆ ಮತ್ತೆ ತಗೊಳ್ಳೋಕೆ ಆಗಲ್ಲ. ಯಾವ್ದು ತಗೊಳ್ಲಿ?” ಕಾರ್ಡು ತಿರುಗಿಸಿ ಓದಿ ನಕ್ಕಳು. “ಈ ಅಜ್ಜಿ ನಿಜವಾಗ್ಲೂ ಇದಾರಾ?”

“ಇಲ್ಲೇ ಇದಾರಲ್ಲ!” ಎಂದು ಮೊಮ್ಮಗಳು ನನ್ನ ಭುಜ ಹಿಡಿದು ಮುಂದಕ್ಕೆ ತಳ್ಳಿದಳು. “ನೋಡಿ, ಇವ್ರ ಕೈಲಿರೋದು ಅದೇ.”

ನರ್ಸು ನನ್ನ ಬ್ಯಾಗನ್ನು ಮುಟ್ಟಿ ನೋಡಿದಳು. “ಅಜ್ಜಿ, ನೀವೇ ಹೇಳಿ. ನಯದ್ದೋ ತರೀದೋ?”

ಕಂಕುಳಲ್ಲಿ ಬಾಣಲೆ ಚುಚ್ಚುತ್ತಿತ್ತು. ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳ ಹಿಂದೆ ಆ ಕುರ್ಚಿ ನಮ್ಮ ಕಡೆಗೇ ತಿರುಗಿ ನಿಂತಿತ್ತು.

“ತರೀದೇ ತಗೋಮ್ಮ,” ಎಂದೆ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. “ಈರುಳ್ಳಿ ಹೊತ್ತಿದೀನಿ, ಮೀನು ಹೊತ್ತಿದೀನಿ, ಬಸ್ ನಿಲ್ದಾಣದಲ್ಲಿ ಇದರ ಮೇಲೇ ಕೂತಿದೀನಿ. ಆನೆ ಬಂದು ಕೂತ್ರೂ ಏನೂ ಆಗಲ್ಲ. ಐದಲ್ಲ, ಹದಿನೈದು ವರ್ಷ ಬರುತ್ತೆ. ನಿನ್ನ ಮೊಮ್ಮಕ್ಕಳು ಹೊರ್ತಾರೆ.”

ಒಂದೊಂದು ಮಾತೂ ನಿಜವೇ, ನನ್ನ ಬ್ಯಾಗಿನ ಮಟ್ಟಿಗೆ.

ನರ್ಸು ನಗುತ್ತಾ ದುಡ್ಡು ಕೊಟ್ಟಳು. ಹಳೆಯ ಬ್ಯಾಗಿನೊಳಗಿದ್ದ ಬಾಚಣಿಗೆ, ಮಾತ್ರೆ, ಬೀಗದ ಕೈ ಎಲ್ಲವನ್ನೂ ಅಲ್ಲೇ ಹೊಸದಕ್ಕೆ ತುಂಬಿಕೊಂಡು, ನನ್ನ ಕೈ ಕುಲುಕಿ ಹೋದಳು. ನನ್ನ ಕೈಯನ್ನು ಸೀರೆಗೆ ಒರೆಸಿಕೊಂಡೆ. ಅವಳ ಕೈ ಕೊಳಕಾಗಿರಲಿಲ್ಲ.

“ಅಜ್ಜಿ, ನಿನ್ನ ಹಾಗೆ ಮಾರೋಕೆ ನಂಗೆ ಬರಲ್ಲ!” ಎಂದು ಮೊಮ್ಮಗಳು ನನ್ನ ಕೆನ್ನೆ ಹಿಂಡಿದಳು. “ಬನ್ನು ತಂದಿದ್ದೆ, ದಾರೀಲಿ ತಿನ್ನು,” ಎಂದು ನನ್ನ ಬ್ಯಾಗಿನ ಬಾಯಿ ತೆರೆದಳು. “ಇದೇನು? ಬಾಣಲೆ? ಬಾಣಲೆ ಯಾಕೆ ಹೊತ್ಕೊಂಡು ತಿರುಗ್ತಿದೀಯ?”

ನಾನು ಕಿತ್ತುಕೊಳ್ಳಲು ಹೋದೆ. ಪೇಪರು ಹರಿಯಿತು.

ಅವಳು ತಳ ನೋಡಿದಳು. ಮೂಗಿನ ಹತ್ತಿರ ಹಿಡಿದಳು, ಮುಖ ಹಿಂಡಿದಳು. ಉಗುರಿನಿಂದ ಕೆರೆದಳು. ತರಿ ಕಾಳು ಕಾಳಾಗಿ ಕೌಂಟರಿನ ಗಾಜಿನ ಮೇಲೆ ಉದುರಿತು. ಶೆಲ್ಫಿನಿಂದ ನಮ್ಮದೇ ಒಂದು ಬ್ಯಾಗು ಎಳೆದು, ಅದರ ಮುಚ್ಚಳವನ್ನು ಹಿಂದಕ್ಕೆ ಜೋರಾಗಿ ಮಡಚಿದಳು. ಮಡಿಕೆಯ ಉದ್ದಕ್ಕೂ ಬಿಳಿ ಗೆರೆ ಬಿರಿಯಿತು. ನಿನ್ನೆ ನನ್ನ ಬೆರಳಿಗೆ ಸಿಕ್ಕ ಒದ್ದೆ ರಟ್ಟು ಆ ಗೆರೆಯೊಳಗಿನಿಂದ ಇಣುಕಿತು.

“ನಿಂಗೆ ಗೊತ್ತಿತ್ತಾ?”

“ನಿನ್ನೆ ಗೊತ್ತಾಯ್ತು.”

“ನಿನ್ನೆ,” ಎಂದಳು. “ಇವತ್ತು ಅವ್ರಿಗೆ ಹದಿನೈದು ವರ್ಷ ಅಂದೆ.”

“ನಿನ್ನ ಕುರ್ಚಿ ಕಣೇ...”

ಅವಳು ನನ್ನನ್ನು ನೋಡಿದ ನೋಟ ಇದೆಯಲ್ಲ, ಎಣ್ಣೆಮೀಸೆಯವನ ಲೋಟವನ್ನು ನಾನು ನೋಡಿದ್ದೆನಲ್ಲ, ಅದೇ. ಮರುಕ್ಷಣ ಬಾಗಿಲು ತೆರೆದು ಓಡಿದಳು. ಗಾಜಿನಿಂದಾಚೆ ಮಸುಕು ಮಸುಕಾಗಿ ಕಂಡಿತು: ಬಸ್ ನಿಲ್ದಾಣದ ಕಡೆ ಓಡುತ್ತಿದ್ದಾಳೆ, ಒಂದು ಚಪ್ಪಲಿ ಹಿಂದೆಯೇ ಬಿದ್ದಿದೆ, “ಸಿಸ್ಟರ್! ಸಿಸ್ಟರ್!” ಎಂದು ಕೂಗುತ್ತಿದ್ದಾಳೆ. ನಾನು ಬಾಣಲೆ ಹಿಡಿದು ನಿಂತಿದ್ದೆ. ಒಳಕೋಣೆಯಿಂದ ಕನ್ನಡಕದಮ್ಮ ಬಂದು, ಕುತ್ತಿಗೆಯ ಕನ್ನಡಕ ಏರಿಸಿ, “ಯಾರು ನೀವು? ಏನು ಈ ವಾಸನೆ?” ಎಂದಳು.

ನರ್ಸು ಸಿಕ್ಕಳು. ಅವಳಿಗೆ ದುಡ್ಡು ವಾಪಸು ಹೋಯಿತು. ಅದಕ್ಕೂ ಮುಂಚೆ ಒಂಬತ್ತು ಬ್ಯಾಗು ಮಾರಾಟವಾಗಿತ್ತು. ಏಳು ಜನರನ್ನು ಹುಡುಕಿ ಮೊಮ್ಮಗಳೇ ಮನೆ ಮನೆಗೆ ಹೋಗಿ ತಂದಳು. ಇಬ್ಬರು ಸಿಗಲೇ ಇಲ್ಲ. ಕುರ್ಚಿ ಇನ್ನೊಬ್ಬಳಿಗೆ ಹೋಯಿತು. ಮೊಮ್ಮಗಳನ್ನು ಕನ್ನಡಕದಮ್ಮ ಕೆಲಸದಿಂದ ತೆಗೆಯಲಿಲ್ಲ, ಕೌಂಟರಿನಿಂದ ತೆಗೆದು ಹಿಂದಿನ ಗೋದಾಮಿಗೆ ಹಾಕಿದಳು. ಅಲ್ಲೂ ನಿಂತೇ ಇರಬೇಕಂತೆ.

ಬ್ಯಾಗುಗಳೆಲ್ಲಾ ಮನೆಗೆ ಬಂದು ಮುಂದಿನ ಕೋಣೆಯಲ್ಲಿ ಗುಡ್ಡೆಯಾದವು. ಒಂದು ವಾರ ಆ ಗುಡ್ಡೆಯ ಪಕ್ಕದಲ್ಲೇ ಉಂಡೆವು, ಮೂಗಿಗೆ ಸೆರಗು ಹಿಡಿದು. ಮಗ ಅದನ್ನೇ ಅರ್ಧ ಬೆಲೆಗೆ ಎಣ್ಣೆಮೀಸೆಗೆ ಮಾರುವ ಮಾತೆತ್ತಿದ.

“ಮಾರಿದ್ರೆ ಅಪ್ಪ ಅನ್ನಲ್ಲ ನಿಮ್ಮನ್ನ,” ಎಂದಳು ಮೊಮ್ಮಗಳು, ರೊಟ್ಟಿ ಮುರಿಯುತ್ತಾ, ಸುಮ್ಮನೆ ಉಪ್ಪು ಕೇಳುವ ದನಿಯಲ್ಲಿ.

ಮಗ ಅವನ್ನು ಒಂದೊಂದಾಗಿ ಕತ್ತರಿಸಿ ಕಸಕ್ಕೆ ಹಾಕಿದ. ಕತ್ತರಿಸುವ ಮೊದಲು ಅವಳು ಪ್ರತಿಯೊಂದರಿಂದಲೂ ಕಾರ್ಡು ಬಿಚ್ಚಿಕೊಂಡಳು. ಎಲ್ಲವನ್ನೂ ದಾರದಲ್ಲಿ ಕಟ್ಟಿ ತಂದು ನನ್ನ ಮಡಿಲಿಗೆ ಹಾಕಿದಳು.

“ಇದು ನಿಂದು,” ಎಂದಳು.

ಈಗ ಮನೆಯಲ್ಲಿ ನಯದ ಕೆಲಸ ನಡೆಯುತ್ತಿದೆ, ವಾರಕ್ಕೆ ನಾಲ್ಕೇ ಬ್ಯಾಗು, ಸಿಕ್ಕಷ್ಟು ಗೀರಿಲ್ಲದ ಜಾಗದಲ್ಲಿ. ಸೊಸೆ ಸೊಂಟಕ್ಕೆ ಬಟ್ಟೆ ಬಿಗಿದು ತುಳಿಯುತ್ತಾಳೆ. ಒಳ್ಳೆಯ ತರಿಯೂ ಒಂದೆರಡು ಬಂದಿದೆ. ಹೊಸ ಚರ್ಮದ ಮೊದಲ ಬ್ಯಾಗನ್ನು ಹೊರುವುದು ಮಾತ್ರ ಮೊಮ್ಮಗಳು. ಗೋದಾಮಿಗೆ ಹೊತ್ತು ಹೋಗುತ್ತಾಳೆ, ಹೊತ್ತು ಬರುತ್ತಾಳೆ. ಮೂರು ವಾರ ಕಳೆದರೆ ಊಟಕ್ಕೆ ಕೂತಾಗ ಅಪ್ಪ ಅಮ್ಮ ಅವಳ ಬಾಯನ್ನೇ ನೋಡುತ್ತಾರೆ. ನಾನೂ ನೋಡುತ್ತೇನೆ. ಹೋದ ವಾರ ಬಾಯಿ ತಡೆಯದೆ, “ನಂಗೂ ಒಂದ್ಸಲ ಕೊಡೇ, ಮುಟ್ಟಿ ಹೇಳ್ತೀನಿ,” ಎಂದೆ. “ಬೇಡ ಅಜ್ಜಿ, ಊಟ ಮಾಡು,” ಎಂದು ನನ್ನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದಳು.

ನನ್ನ ಹತ್ತಿರ ಆ ಹಳೆಯ ಕಂದು ಬ್ಯಾಗು ಉಳಿದಿದೆ. ಕಂಡರೆ ಮೈ ಉರಿಯುತ್ತದೆ. ಕೊಳೆತ ಟೊಮೆಟೊ ತುಂಬಿದ್ದೇನೆ, ರಸ್ತೆಯಲ್ಲಿ ಎಳೆದಿದ್ದೇನೆ, ಮಳೆಯಲ್ಲಿ ಇಡೀ ದಿನ ಹೊರಗೆ ನೇತು ಹಾಕಿದ್ದೇನೆ. ಒಂದು ಗೀರಿಲ್ಲ, ಒಂದು ಹೊಲಿಗೆ ಬಿಟ್ಟಿಲ್ಲ. ನಾನು ಆ ನರ್ಸಿಗೆ ಹೇಳಿದೆನಲ್ಲ, ಹದಿನೈದು ವರ್ಷ ಅಂತ. ಅಷ್ಟೂ ವರ್ಷ ಇದು ನನ್ನ ಕಂಕುಳಲ್ಲೇ ಇರುವ ಹಾಗೆ ಕಾಣುತ್ತದೆ.